ಹಳೆಯ ಮಾದರಿ ರೈಲುಗಳ ಮರುಮಾರಾಟ ಮತ್ತು ಬೆಲೆ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಡಿನಾಡಿನ ನಮ್ಮ ಮನೆಗಳ ಅಟ್ಟಗಳಲ್ಲಿ ಪರಊರಿನಿಂದ ಬಂದ ಸಾಮಾನುಗಳಿಗೆ ಬರವಿಲ್ಲ. ಮುಂಬಯಿಯಿಂದ, ಹಡಗಿನ ಕೆಲಸದಿಂದ, ದುಬಾಯಿ ಕುವೈತ್‌ಗಳಿಂದ ಮರಳಿದ ಹಿರಿಯರು ತಂದಿಟ್ಟ ರೈಲುಗೊಂಬೆಗಳೂ ಆ ರಾಶಿಯಲ್ಲಿ ಅಲ್ಲಲ್ಲಿ ಸಿಗುತ್ತವೆ. ಮನೆ ಪಾಲಾಗುವಾಗಲೋ ಹಂಚಿನ ಮಾಡು ಇಳಿಸಿ ತಾರಸಿ ಹಾಕುವಾಗಲೋ ಅವು ಕೆಳಗಿಳಿದು ಬರುತ್ತವೆ, ಜತೆಗೆ ಪ್ರಶ್ನೆಗಳೂ ಬರುತ್ತವೆ. ಇಂಥ ರೈಲುಗಳನ್ನು ಕೊಂಡು, ಸರಿಪಡಿಸಿ, ಮಾರಿ ಬಂದ ಅನುಭವದಿಂದ ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮನೆಯಲ್ಲಿ ಹಳೆಯ ರೈಲು ಸೆಟ್ ಒಂದಿದೆ. ಅದಕ್ಕೆ ಬೆಲೆ ಬರುತ್ತದೆಯೇ?

ಹೆಚ್ಚಿನವಕ್ಕೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ಯಾಟರಿ ಹಾಕಿದರೆ ದೀಪ ಮಿನುಗಿಸಿ ಕೂಗುತ್ತ ವೃತ್ತಾಕಾರದ ಪ್ಲಾಸ್ಟಿಕ್ ಹಳಿಯ ಮೇಲೆ ಸುತ್ತುವ ಸೆಟ್‌ಗಳು ಗಲ್ಫಿನಿಂದ ಬಂದವುಗಳಲ್ಲಿ ಬಹುಪಾಲು. ಅವು ಆಟಿಕೆಗಳು, ಮಕ್ಕಳಿಗೆ ಕೊಟ್ಟರೆ ಸಾರ್ಥಕ. ಸಂಗ್ರಾಹಕರು ಹಣ ಕೊಡುವುದು ಎರಡು ಬಗೆಯವಕ್ಕೆ. ಒಂದು, ತಗಡಿನಲ್ಲೋ ಎರಕದ ಲೋಹದಲ್ಲೋ ಮಾಡಿದ, ಕೀಲಿ ಕೊಟ್ಟು ಅಥವಾ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುವ ಹಳೆಯ ಕಂಪನಿ ರೈಲುಗಳು. ಇನ್ನೊಂದು, ನಿಜವಾದ ಒಂದು ಇಂಜಿನನ್ನು ನಿಶ್ಚಿತ ಪ್ರಮಾಣದಲ್ಲಿ ಕಿರಿದಾಗಿಸಿ, ಅದರ ಸಂಖ್ಯೆ, ಬಣ್ಣ, ಮೊಳೆಯ ತಲೆಗಳನ್ನೂ ಬಿಡದೆ ತೋರಿಸಿದ ಮಾದರಿಗಳು. ನಿಮ್ಮಲ್ಲಿರುವುದು ಇವೆರಡರಲ್ಲಿ ಒಂದಾಗಿದ್ದರೆ ಮುಂದೆ ಓದಿ.

ಯಾರು ಮಾಡಿದ್ದು, ಯಾವ ಅಳತೆಯದು ಎಂದು ಗುರುತಿಸುವುದು ಹೇಗೆ?

ಇಂಜಿನನ್ನು ಮೆತ್ತಗಿನ ಬಟ್ಟೆಯ ಮೇಲೆ ಮಗುಚಿ ಹಾಕಿ, ಹೊಟ್ಟೆಯ ಕೆಳಗೆ ನೋಡಿ. ಕಂಪನಿಯ ಹೆಸರು, ದೇಶದ ಹೆಸರು, ಕೆಲವೊಮ್ಮೆ ಮಾದರಿ ಸಂಖ್ಯೆ ಅಲ್ಲೇ ಇರುತ್ತವೆ. ಆಮೇಲೆ ಒಂದು ಅಡಿಕೋಲು ತೆಗೆದುಕೊಂಡು ಹಳಿಯ ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ. 32 ಮಿಲಿಮೀಟರ್ ಇದ್ದರೆ ಓ ಗೇಜ್, 16.5 ಇದ್ದರೆ ಎಚ್‌ಓ ಅಥವಾ ಓಓ, 9 ಇದ್ದರೆ ಎನ್, 6.5 ಇದ್ದರೆ ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ ಝಡ್ ಗೇಜ್. ಇಲ್ಲಿ ಒಂದು ತೊಡಕಿದೆ. ಎಚ್‌ಓ ಮತ್ತು ಓಓ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ, ಆದರೆ ಎಚ್‌ಓ 1:87ರ ಪ್ರಮಾಣದ್ದು, ಇಂಗ್ಲೆಂಡಿನಲ್ಲಿ ರೂಢಿಯಲ್ಲಿರುವ ಓಓ 1:76ರದ್ದು. ಪಕ್ಕಪಕ್ಕ ಇಟ್ಟರೆ ಇಂಗ್ಲಿಷ್ ಬೋಗಿ ಒಂದು ಸುತ್ತು ದಪ್ಪಗೆ ಕಾಣುತ್ತದೆ. ಮಾರುವಾಗ ಇವೆರಡನ್ನು ಗೊಂದಲ ಮಾಡಿದರೆ ಕೊಂಡವರು ಹಿಂದಿರುಗಿಸುವುದು ಖಂಡಿತ.

ಹಳಿಯ ನಡುವೆ ಮೂರನೆಯ ಪಟ್ಟಿಯೋ ಸಾಲು ಚುಕ್ಕಿಗಳೋ ಇವೆಯೇ ಎಂಬುದನ್ನೂ ಗಮನಿಸಿ. ಚುಕ್ಕಿಗಳಿದ್ದರೆ ಅದು ಮಾರ್ಕ್ಲಿನ್‌ನ ಪದ್ಧತಿ, ಎರಡು ಹಳಿಯ ವ್ಯವಸ್ಥೆ ಇರುವವರಿಗೆ ಅದು ಹಾಗೆಯೇ ಬಳಕೆಗೆ ಬರುವುದಿಲ್ಲ. ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿಯ ಡಬ್ಲೊ ಸರಣಿ ಕೂಡ 1938ರಲ್ಲಿ ಆರಂಭವಾದಾಗ ಮೂರು ಹಳಿಯದಾಗಿತ್ತು, ಎರಡು ಹಳಿಯದು ಬಂದದ್ದು 1959ರಲ್ಲಿ.

ಆನ್‌ಲೈನಿನಲ್ಲಿ ಇದೇ ಇಂಜಿನಿಗೆ ಭಾರೀ ಬೆಲೆ ಹಾಕಿದ್ದಾರೆ. ನನಗೂ ಅಷ್ಟು ಸಿಗಬೇಕಲ್ಲವೇ?

ಹಾಕಿದ ಬೆಲೆ ಬೇರೆ, ಹೋದ ಬೆಲೆ ಬೇರೆ. ಪೇಟೆಯಲ್ಲಿ ಬೋರ್ಡಿನ ಮೇಲೆ ಬರೆದ ಅಡಿಕೆ ಧಾರಣೆಗೂ ನಿಮ್ಮ ಗೋಣಿ ಬಿಚ್ಚಿ ಕೈಹಾಕಿ ನೋಡಿದ ಮೇಲೆ ವ್ಯಾಪಾರಿ ಹೇಳುವ ಧಾರಣೆಗೂ ಇರುವ ಅಂತರ ನಮ್ಮವರಿಗೆ ಹೊಸತಲ್ಲ. ಮಾದರಿ ರೈಲುಗಳಲ್ಲಿ ಆ ಅಂತರ ಇನ್ನೂ ದೊಡ್ಡದು, ಏಕೆಂದರೆ ಯಾರೂ ಕೊಳ್ಳದ ಬೆಲೆಯ ಜಾಹೀರಾತು ವರ್ಷಗಟ್ಟಲೆ ಹಾಗೆಯೇ ತೂಗಾಡುತ್ತಿರುತ್ತದೆ, ನ್ಯಾಯವಾದ ಬೆಲೆಗೆ ಇಟ್ಟದ್ದು ಎರಡೇ ದಿನದಲ್ಲಿ ಮಾರಾಟವಾಗಿ ಕಣ್ಣಿಂದ ಮರೆಯಾಗುತ್ತದೆ. ಹಾಗಾಗಿ ಹುಡುಕಿದಾಗೆಲ್ಲ ಕಾಣುವುದು ಮಾರಾಟವಾಗದೆ ಉಳಿದವುಗಳ ಬೆಲೆಯೇ. ಹರಾಜು ತಾಣಗಳಲ್ಲಿ ಮುಗಿದ ಮಾರಾಟಗಳನ್ನು ಮಾತ್ರ ತೋರಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಕಳೆದ ಮೂರು ತಿಂಗಳಲ್ಲಿ ನಿಮ್ಮದೇ ಮಾದರಿ ಸಂಖ್ಯೆಯ, ನಿಮ್ಮದರಷ್ಟೇ ಸವೆದ, ಪೆಟ್ಟಿಗೆ ಇದ್ದ ಅಥವಾ ಇಲ್ಲದ ಮೂರ್ನಾಲ್ಕು ಮಾರಾಟಗಳನ್ನು ಬರೆದುಕೊಳ್ಳಿ.

ಅಲ್ಲಿಂದ ತಾಣದ ಕಮಿಷನ್, ಪಾವತಿಯ ಶುಲ್ಕ, ರವಾನೆ ಖರ್ಚು ಕಳೆಯಿರಿ. ಪೌಂಡನ್ನು ರೂಪಾಯಿಗೆ ಗುಣಿಸಿದ ಮಾತ್ರಕ್ಕೆ ಇಲ್ಲಿಯ ಬೆಲೆ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದು ಇಂಜಿನಿಗೆ ನೂರು ಜನ ಕೊಳ್ಳುವವರಿದ್ದರೆ ಭಾರತದಲ್ಲಿ ನಾಲ್ವರು ಇರಬಹುದು, ಆ ನಾಲ್ವರಲ್ಲಿ ಇಬ್ಬರ ಬಳಿ ಅದು ಆಗಲೇ ಇರಬಹುದು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಹೊಸತಾಗಿ ತರಿಸಲು ಇಲ್ಲಿಯವರು ತೆರಬೇಕಾದ ಸುಂಕ ಹೆಚ್ಚಿರುವುದರಿಂದ ದೇಶದೊಳಗೆ ಆಗಲೇ ಇರುವ, ಚೆನ್ನಾಗಿ ಓಡುವ ಸಾಧಾರಣ ಮಾದರಿಗೆ ಕೆಲವೊಮ್ಮೆ ಅಲ್ಲಿಗಿಂತ ಇಲ್ಲೇ ಹೆಚ್ಚು ಸಿಗುತ್ತದೆ.

ಹಳೆಯದಾದಷ್ಟೂ ಬೆಲೆ ಏರಬೇಕಲ್ಲವೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉತ್ತರ ಇಲ್ಲ ಎಂದೇ. ಚಿನ್ನವನ್ನು ಕರಗಿಸಿದರೂ ಚಿನ್ನ. ರೈಲಿನ ಬೆಲೆ ಇರುವುದು ಅದನ್ನು ಬಯಸುವವರ ನೆನಪಿನಲ್ಲಿ. ಚಿಕ್ಕಂದಿನಲ್ಲಿ ಅಂಗಡಿಯ ಗಾಜಿನಾಚೆ ಕಂಡು ಆಸೆಪಟ್ಟದ್ದನ್ನು ಮನುಷ್ಯ ಐವತ್ತರ ಮೇಲೆ, ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಕೊಳ್ಳುತ್ತಾನೆ. ಹಾರ್ನ್‌ಬಿ ರೈಲುಗಳು ಮಾರುಕಟ್ಟೆಗೆ ಬಂದದ್ದು 1920ರಲ್ಲಿ. ಆ ಕಾಲದ ತಗಡಿನ ರೈಲನ್ನು ಬಯಸಿ ಬೆಳೆದ ಮಕ್ಕಳು ಈಗ ಉಳಿದಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡಬ್ಲೊ, ಟ್ರೈ-ಆಂಗ್, ಅಮೆರಿಕದಲ್ಲಿ ಲಯೊನೆಲ್ ಕಂಪನಿಯ ರೈಲು ಆಡಿದವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರು ಕೊಳ್ಳುವುದನ್ನು ನಿಲ್ಲಿಸಿ ಮಾರತೊಡಗಿದ್ದಾರೆ, ಇಲ್ಲವೇ ಅವರ ಮಕ್ಕಳು ಇಡೀ ಸಂಗ್ರಹವನ್ನೇ ಹರಾಜಿಗೆ ಕಳುಹಿಸುತ್ತಿದ್ದಾರೆ. ಮಾರುಕಟ್ಟೆಗೆ ಮಾಲು ಹೆಚ್ಚಿತು, ಕೊಳ್ಳುವವರು ಕಡಿಮೆಯಾದರು. ಹಾಗಾಗಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾದ ಸಾಧಾರಣ ಡಬ್ಲೊ ಇಂಜಿನುಗಳೂ ಲಯೊನೆಲ್ ಸೆಟ್‌ಗಳೂ ಹಿಂದೆ ಇದ್ದ ಎತ್ತರದಿಂದ ಇಳಿದಿವೆ. ಹಳೆಯ ಬೆಲೆಪಟ್ಟಿ ಪುಸ್ತಕ ಹಿಡಿದು ಬರುವವರಿಗೆ ಇದನ್ನು ಅರ್ಥಮಾಡಿಸುವುದೇ ನನ್ನ ದೊಡ್ಡ ಕೆಲಸ.

ಎರಡನೆಯ ಕಾರಣ ಹೊಸ ಅಚ್ಚು. ಒಂದೇ ನಿಜ ಇಂಜಿನಿನ ಮಾದರಿಯನ್ನು ಕಂಪನಿ ಹೊಸ ಅಚ್ಚಿನಲ್ಲಿ, ಇನ್ನೂ ನಯವಾದ ಮೋಟಾರಿನೊಂದಿಗೆ, ಇಂಜಿನನ್ನು ಡಿಜಿಟಲ್ ಆಗಿ ನಿಯಂತ್ರಿಸುವ ಡಿಕೋಡರ್ ಎಂಬ ಚಿಪ್ ಸಿಕ್ಕಿಸುವ ಜಾಗದೊಂದಿಗೆ ಹೊರತಂದ ದಿನವೇ ಮೂವತ್ತು ವರ್ಷದ ಹಿಂದಿನದರ ಬೆಲೆ ಕುಸಿಯುತ್ತದೆ. ಓಡಿಸುವ ಉದ್ದೇಶದಿಂದ ಕೊಳ್ಳುವವನಿಗೆ ಹಳತರಲ್ಲಿ ಆಸಕ್ತಿ ಉಳಿಯುವುದಿಲ್ಲ. ಮಧ್ಯ ವಯಸ್ಸಿನ ಮಾದರಿಗಳು, ಅಂದರೆ 1980 ಮತ್ತು 90ರ ದಶಕದವು, ಇದರಿಂದ ಹೆಚ್ಚು ಪೆಟ್ಟು ತಿಂದಿವೆ. ಅವು ಪ್ರಾಚೀನವೂ ಅಲ್ಲ, ಆಧುನಿಕವೂ ಅಲ್ಲ.

ಹಾಗಾದರೆ ಏರುವುದು ಯಾವುದು?

ಆ ಕಾಲದಲ್ಲಿ ಯಾರೂ ಕೊಳ್ಳದೆ ಹೋದದ್ದು. ಲಯೊನೆಲ್ ಕಂಪನಿ 1957ರಲ್ಲಿ ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಉಗಿ ಇಂಜಿನು ಮತ್ತು ತಿಳಿ ಬಣ್ಣದ ಬೋಗಿಗಳ ಸೆಟ್ ಒಂದನ್ನು ತಂದಿತು. ರೈಲು ಎಂದರೆ ಕಪ್ಪಗೆ ಇರಬೇಕೆಂದು ಮಕ್ಕಳಿಗೂ ಗೊತ್ತಿತ್ತೋ ಏನೋ, ಅದು ಸರಿಯಾಗಿ ಮಾರಾಟವಾಗಲಿಲ್ಲ. ಕಡಿಮೆ ಉಳಿದುಕೊಂಡ ಕಾರಣಕ್ಕೇ ಇವತ್ತು ಸಂಗ್ರಾಹಕರು ಅದನ್ನು ಹುಡುಕುತ್ತಾರೆ. 1990ರ ದಶಕದಲ್ಲಿ ಕಂಪನಿಯೇ ಅದರ ಮರುತಯಾರಿಕೆ ಮಾಡಿದ್ದರಿಂದ ಗುಲಾಬಿ ಬಣ್ಣ ಕಂಡ ಕೂಡಲೇ ಹಿಗ್ಗಬೇಕಾಗಿಲ್ಲ.

ಇಂಗ್ಲೆಂಡಿನ ಉದಾಹರಣೆ ಇನ್ನೂ ಸೊಗಸಾಗಿದೆ. 1964ರಲ್ಲಿ ಹಾರ್ನ್‌ಬಿಯ ಮಾತೃಸಂಸ್ಥೆ ಮೆಕ್ಯಾನೊ ಕೈಬದಲಾದ ಮೇಲೆ ಡಬ್ಲೊದ ಅಚ್ಚುಗಳು ರೆನ್ ಎಂಬ ಸಣ್ಣ ಕಂಪನಿಗೆ ಹೋದವು. ಅದೇ ಅಚ್ಚು, ಅದೇ ಎರಕ. ಆದರೆ ರೆನ್ ಕೊನೆಗಾಲದಲ್ಲಿ ಬಗೆಬಗೆಯ ಬಣ್ಣ, ಹೆಸರುಗಳಲ್ಲಿ ತೀರ ಕಡಿಮೆ ಸಂಖ್ಯೆಯಲ್ಲಿ ಮಾಡಿದ ಇಂಜಿನುಗಳು ಅವಕ್ಕಿಂತ ಹಳೆಯ ಮೂಲ ಡಬ್ಲೊಗಳಿಗಿಂತ ಎಷ್ಟೋ ಪಟ್ಟು ಬೆಲೆಬಾಳುತ್ತವೆ. ಮೊಮ್ಮಗ ಅಜ್ಜನಿಗಿಂತ ದುಬಾರಿ.

"ಲಿಮಿಟೆಡ್ ಎಡಿಷನ್" ಎಂದು ಪೆಟ್ಟಿಗೆಯ ಮೇಲೆ ಬರೆದಿದೆ.

ಎಷ್ಟಕ್ಕೆ ಮಿತಿ ಎಂದು ಬರೆದಿದೆ ನೋಡಿ. ಸಂಗ್ರಾಹಕರಿಗೆಂದೇ ಮಾಡಿದ್ದನ್ನು ಎಲ್ಲರೂ ಪೆಟ್ಟಿಗೆ ಸಮೇತ ಜೋಪಾನವಾಗಿಟ್ಟಿರುತ್ತಾರೆ. ಹಾಗಾಗಿ ಮಾಡಿದ ಅಷ್ಟೂ ಉಳಿದಿರುತ್ತವೆ, ಪ್ರಮಾಣಪತ್ರವೂ ಉಳಿದಿರುತ್ತದೆ, ಬೆಲೆ ಮಾತ್ರ ಕೊಂಡಲ್ಲೇ ನಿಂತಿರುತ್ತದೆ.

ಕಂಪನಿ ಮುಚ್ಚಿಹೋದರೆ ಬೆಲೆ ಹೆಚ್ಚುತ್ತದೆ ಎನ್ನುತ್ತಾರಲ್ಲ?

ಮುಚ್ಚಿದ್ದು ಕಂಪನಿಯೋ, ಅಚ್ಚೋ ಎಂದು ಕೇಳಬೇಕು. ಮಾರ್ಕ್ಲಿನ್ 1859ರಲ್ಲಿ ಹುಟ್ಟಿದ್ದು. ನೂರೈವತ್ತನೆಯ ವರ್ಷದಲ್ಲಿ, 2009ರ ಫೆಬ್ರವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಅದರ ರೈಲುಗಳನ್ನು ಇಟ್ಟುಕೊಂಡಿದ್ದ ಪರಿಚಯಸ್ಥರೊಬ್ಬರು ಬೆಲೆ ದುಪ್ಪಟ್ಟಾಗುತ್ತದೆಂದು ಕಾದರು. ತಯಾರಿಕೆ ನಿಲ್ಲಲೇ ಇಲ್ಲ, 2013ರಲ್ಲಿ ಹೊಸ ಒಡೆಯರೂ ಬಂದರು. ಇಟಲಿಯ ಲೀಮಾ ಮುಳುಗಿದಾಗಲೂ ಅದರ ಅಚ್ಚುಗಳು ಹಾರ್ನ್‌ಬಿಯ ಕೈಸೇರಿ ಮತ್ತೆ ಮಾದರಿಗಳನ್ನು ಹೆತ್ತವು. ಅಚ್ಚು ಜೀವಂತವಾಗಿರುವ ತನಕ ಯಾವ ಮಾದರಿಯೂ ನಿಜವಾಗಿ ಅಪರೂಪವಾಗುವುದಿಲ್ಲ. ಲಿವರ್‌ಪೂಲಿನಲ್ಲಿ 1946ರಲ್ಲಿ ಆರಂಭವಾಗಿದ್ದ ಹ್ಯಾಟನ್ಸ್ ಎಂಬ ದೊಡ್ಡ ಮಾರಾಟ ಸಂಸ್ಥೆ 2024ರ ಜನವರಿಯಲ್ಲಿ ಮುಚ್ಚುವುದಾಗಿ ಹೇಳಿದ್ದು ಬೇರೆ ಬಗೆಯ ಸುದ್ದಿ. ಹಳೆಯ ಮಾಲನ್ನು ಒಟ್ಟಾಗಿ ಕೊಳ್ಳುತ್ತಿದ್ದ ಒಂದು ದೊಡ್ಡ ಬಾಗಿಲೇ ಅದರಿಂದ ಮುಚ್ಚಿತು.

ಪೆಟ್ಟಿಗೆಯನ್ನು ಎಸೆದಿದ್ದೇವೆ. ತೊಂದರೆಯೇ?

ತೊಂದರೆಯೇ. ಇಂಜಿನನ್ನು ಮಕ್ಕಳು ಜೋಪಾನ ಮಾಡಿದ್ದರೂ ರಟ್ಟಿನ ಪೆಟ್ಟಿಗೆಯನ್ನು ಹೆಚ್ಚಿನವರು ಮೊದಲ ದಿನವೇ ಹರಿದಿದ್ದಾರೆ, ಆದ್ದರಿಂದ ಪೆಟ್ಟಿಗೆಯೇ ಇಂಜಿನಿಗಿಂತ ಅಪರೂಪ. ಖಾಲಿ ಪೆಟ್ಟಿಗೆಗಳು ಪ್ರತ್ಯೇಕವಾಗಿ ಮಾರಾಟವಾಗುವುದನ್ನು ಕಂಡು ನಗುವವರಿದ್ದಾರೆ, ನಾನೂ ಮೊದಲು ನಕ್ಕಿದ್ದೆ. ಒಳಗಿನ ಕೈಪಿಡಿ, ಎಣ್ಣೆಯ ಪುಟ್ಟ ಬಾಟಲಿ, ಗ್ಯಾರಂಟಿ ಕಾಗದ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಕ್ಕಿಸದೆ ಉಳಿದ ಪುಡಿ ಭಾಗಗಳು, ಏನಿದ್ದರೂ ಬಿಡದೆ ಸೇರಿಸಿ. ಪೆಟ್ಟಿಗೆಯ ಮೇಲಿನ ಹಳೆಯ ಬೆಲೆಚೀಟಿಯನ್ನು ಕೆರೆದು ತೆಗೆಯಬೇಡಿ. ಹರಿದ ಅಂಚಿಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದು ಹಳದಿಯಾಗಿ ರಟ್ಟನ್ನೇ ತಿನ್ನುತ್ತದೆ.

ಸ್ಥಿತಿಯನ್ನು ಯಾವ ಮಾತಿನಲ್ಲಿ ಬಣ್ಣಿಸಬೇಕು?

ನಮ್ಮಲ್ಲಿ ಅಡಿಕೆಗೆ ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಕರಿಗೋಟು ಎಂದು ಒಂದೊಂದಕ್ಕೂ ಹೆಸರಿದೆ. ಹೆಸರು ಹೇಳಿದರೆ ಮಾಲು ಕಣ್ಣೆದುರು ನಿಲ್ಲುತ್ತದೆ. ಕರಿಗೋಟನ್ನು ಚೋಲಿನ ಜತೆ ಬೆರೆಸಿ ತಂದವನ ಗೋಣಿಯನ್ನು ಮುಂದಿನ ಸಲ ಬುಡದವರೆಗೂ ಸುರಿದು ನೋಡುತ್ತಾರೆ. ಮಾದರಿ ರೈಲಿನ ಲೋಕದಲ್ಲೂ ಮಿಂಟ್, ನಿಯರ್ ಮಿಂಟ್, ಎಕ್ಸಲೆಂಟ್, ಗುಡ್, ಫೇರ್, ಪೂರ್ ಎಂಬ ದರ್ಜೆಗಳಿವೆ. ಮಿಂಟ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೆ, ಹಳಿ ಏರದ್ದು. ಚಕ್ರದ ಲೇಪ ಒಂದೆಡೆ ಸವೆದಿದ್ದರೂ ಅದು ಮಿಂಟ್ ಅಲ್ಲ. ಈ ಪದಗಳನ್ನು ನಂಬಿ ಕೊಂಡು ಮೋಸಹೋದವರು ಬಹಳ ಇರುವುದರಿಂದ ದರ್ಜೆಯ ಪದಕ್ಕಿಂತ ಕೊರತೆಗಳ ವಿವರವನ್ನೇ ನಾನು ಹೆಚ್ಚು ಬರೆಯುತ್ತೇನೆ. "ಎಡಬದಿಯ ಮುಂದಿನ ಮೆಟ್ಟಿಲು ಇಲ್ಲ, ಟೆಂಡರಿನ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಎದ್ದಿದೆ, ಒಂದು ಕಪ್ಲಿಂಗ್ ಬದಲಿಸಿದ್ದು" ಎಂದು ಬರೆದದ್ದು ಹಿಂದಿರುಗಿ ಬಂದದ್ದಿಲ್ಲ.

ನಮ್ಮ ಮಳೆಗಾಲದಲ್ಲಿ ಇವನ್ನು ಕಾಪಾಡುವುದು ಹೇಗೆ?

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ಬೆಲೆಯನ್ನು ಮೊದಲು ತಿನ್ನುವುದು ಹವೆ. ಕುಂಬಳೆಯ ಕಡೆಯ ಒಂದು ಮನೆಯಲ್ಲಿ ಆಟಿ ತಿಂಗಳಿನಲ್ಲಿ ನಾನು ತೆರೆದ ಪೆಟ್ಟಿಗೆಯೊಂದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಚ್ಚಳ ಎತ್ತಿದಾಗ ಹಸಿ ಗೋಣಿಯ ವಾಸನೆ. ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು, ಬೆರಳು ತಾಗಿದಲ್ಲಿ ಗೆರೆ ಬೀಳುವಷ್ಟು ದಪ್ಪ. ಹೆಸರಿನ ಚೀಟಿಯ ಮೂಲೆಯನ್ನು ಬೆಳ್ಳಿಹುಳ ನಕ್ಕಿ ನಕ್ಕಿ ಅಕ್ಷರಗಳ ಕೆಳಗಿನ ಬಿಳಿ ಕಾಗದ ಮಾತ್ರ ಉಳಿಸಿತ್ತು. ಒಳಗೆ ಇಂಜಿನನ್ನು ಹಿಡಿದಿದ್ದ ಸ್ಪಂಜು ಕರಗಿ ಬೆಲ್ಲದ ಪಾಕದಂತೆ ಅಂಟಾಗಿ, ಹಸಿರು ಬಣ್ಣದ ಬಾಯ್ಲರಿಗೆ ಕಚ್ಚಿಕೊಂಡಿತ್ತು. ಎಷ್ಟು ನಿಧಾನವಾಗಿ ಬಿಡಿಸಿದರೂ ಸ್ಪಂಜಿನ ಜತೆಗೆ ಹಳದಿ ಗೆರೆಯೂ ಎದ್ದು ಬಂತು. ಆ ಇಂಜಿನು ಒಂದು ಸಲವೂ ಹಳಿ ಏರಿದ್ದಲ್ಲ. ಮಕ್ಕಳು ಆಡಿ ಗೀಚಿದ್ದರೆ ಇದಕ್ಕಿಂತ ಹೆಚ್ಚು ಬೆಲೆ ಸಿಗುತ್ತಿತ್ತು.

ಸ್ಪಂಜಿನ ಪ್ಯಾಕಿಂಗ್ ಇದ್ದರೆ ಇಂದೇ ತೆಗೆದು, ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ, ಸ್ಪಂಜನ್ನು ಬೇರೆ ಚೀಲದಲ್ಲಿ ಇಡಿ. ಕಬ್ಬಿಣದ ಗೋಡ್ರೆಜ್ ಕಪಾಟಿಗಿಂತ ಗೋಡೆಗೆ ತಾಗದ ಮರದ ಕಪಾಟು ಮೇಲು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಮರೆಯಬೇಡಿ, ಅವು ಕುಡಿದು ತುಂಬಿದ ಮೇಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆಗಾಲದ ನಡುವೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಹೊರಗಿನ ತೇವವನ್ನೇ ಒಳಗೆ ಬೀಗ ಹಾಕಿದಂತೆ. ಮುಚ್ಚುವುದಿದ್ದರೆ ಮಾಘದ ಒಣ ಬಿಸಿಲಿನ ದಿನಗಳಲ್ಲಿ ಮುಚ್ಚಿ. ಆದರೆ ಅಡಿಕೆ, ಕೊಪ್ಪರ ಒಣಗಿಸಿದ ಹಾಗೆ ಅಂಗಳದ ಬಿಸಿಲಿಗೆ ಹರಡುವ ಸಾಹಸ ಬೇಡ. 1950ರ ದಶಕದ ಆರಂಭದ ಕೆಲವು ಪ್ಲಾಸ್ಟಿಕ್ ದೇಹಗಳು ಸುಮ್ಮನೆ ಇಟ್ಟಲ್ಲೇ ಬಾಳೆಕಾಯಿಯಂತೆ ಬಾಗಿರುತ್ತವೆ, ಬಿಸಿಲು ಕಂಡರೆ ಕೇಳುವುದೇ ಬೇಡ.

ಜಿಂಕ್ ಪೆಸ್ಟ್ ಎಂದರೇನು?

ಸತುವಿನ ಮಿಶ್ರಲೋಹದ ಎರಕದಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಬೆರೆತಿದ್ದರೂ ಕಾಲಕ್ರಮದಲ್ಲಿ ಲೋಹದ ಹರಳುಗಳ ನಡುವೆ ತುಕ್ಕು ಹತ್ತಿ, ಎರಕ ಉಬ್ಬಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ತೇವ ಇದನ್ನು ಚುರುಕುಗೊಳಿಸುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ರೈಲುಗಳಲ್ಲಿ, ಮುಖ್ಯವಾಗಿ ಚಕ್ರಗಳಲ್ಲಿ ಇದು ಹೆಚ್ಚು. ಈಚಿನ ದಶಕಗಳ ಕೆಲವು ಮಾದರಿಗಳ ಒಳಚೌಕಟ್ಟಿನಲ್ಲೂ ಕಾಣಿಸಿಕೊಂಡಿದೆ. ಹಳೆಯ ಬಂಗಲೆಯೊಂದರಿಂದ ನಾನು ಕೊಂಡ ಓ ಗೇಜ್ ಇಂಜಿನಿನ ಚಕ್ರದಲ್ಲಿ ಕೂದಲೆಳೆಯಂಥ ಗೆರೆ ಇತ್ತು. ಕೊಳೆ ಎಂದುಕೊಂಡು ಉಗುರಿನಿಂದ ಉಜ್ಜಿದೆ. ಬಿಸ್ಕತ್ತಿನ ಅಂಚಿನಂತೆ ಚಕ್ರದ ತುಣುಕು ಅಂಗೈಗೆ ಬಿತ್ತು. ಇದಕ್ಕೆ ಮದ್ದಿಲ್ಲ, ಭಾಗ ಬದಲಿಸಬೇಕಷ್ಟೇ. ಕೊಳ್ಳುವ ಮುನ್ನ ಭೂತಗನ್ನಡಿ ಹಿಡಿದು ಚಕ್ರ, ಬಫರ್ ಪಟ್ಟಿ, ಚೌಕಟ್ಟಿನ ಬದಿಗಳನ್ನು ನೋಡಿ. ದೇಹ ಚೌಕಟ್ಟಿನ ಮೇಲೆ ನೇರವಾಗಿ ಕೂರದೆ ನಡುವೆ ಎದ್ದಿದ್ದರೆ ಒಳಗೆ ಎರಕ ಉಬ್ಬಿದೆ ಎಂದು ಅನುಮಾನಿಸಬೇಕು. ಮಾರುವಾಗ ಇದನ್ನು ಮುಚ್ಚಿಡುವುದು ಮೋಸ.

ಬಣ್ಣ ಹಚ್ಚಿ, ಹೊಳಪು ಕೊಟ್ಟು ಮಾರಬಹುದೇ?

ಬೇಡ. ಮೂಲ ಬಣ್ಣ ಎಷ್ಟು ಮಾಸಿದ್ದರೂ ಹೊಸ ಬಣ್ಣಕ್ಕಿಂತ ಮೇಲು. ಮೆತ್ತಗಿನ ಕುಂಚದಿಂದ ಧೂಳು ತೆಗೆಯಿರಿ, ಅಷ್ಟು ಸಾಕು. ಬ್ರಾಸೋ ಹಾಕಿ ತಿಕ್ಕಿದ ಇಂಜಿನುಗಳನ್ನು ನೋಡಿ ಮರುಗಿದ್ದೇನೆ.

ಓಡಿಸಿ ತೋರಿಸಬೇಕೇ? ಹಳೆಯ ಟ್ರಾನ್ಸ್‌ಫಾರ್ಮರ್ ಬಳಸಬಹುದೇ?

ಓಡುತ್ತದೆ ಎಂದು ಬರೆಯುವುದಾದರೆ ಓಡಿಸಿ, ಅರ್ಧ ನಿಮಿಷದ ವೀಡಿಯೊ ಮಾಡಿ. ಓಡಿಸಲು ಸಾಧ್ಯವಾಗದಿದ್ದರೆ ಪರೀಕ್ಷಿಸಿಲ್ಲ ಎಂದು ಬರೆಯಿರಿ. ಆದರೆ ಪೆಟ್ಟಿಗೆಯಲ್ಲಿರುವ ಹಳೆಯ ಟ್ರಾನ್ಸ್‌ಫಾರ್ಮರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅಮೆರಿಕದಿಂದ ಬಂದದ್ದಾದರೆ ಅದು ಸುಮಾರು 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಯುರೋಪಿನದಾದರೂ ಲೋಹದ ಕವಚದ ಹಳೆಯ ಟ್ರಾನ್ಸ್‌ಫಾರ್ಮರುಗಳ ವೈರಿನ ರಬ್ಬರು ಒಣಗಿ ಉದುರಿರುತ್ತದೆ, ಕವಚಕ್ಕೇ ಕರೆಂಟು ಬರಬಹುದು. ಅದನ್ನು ಬಳಕೆಗಲ್ಲ, ಪ್ರದರ್ಶನಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆದು, ಪ್ಲಗ್ ಕತ್ತರಿಸಿ ಕೊಡುವುದು ನನ್ನ ಪದ್ಧತಿ. ದೀರ್ಘಕಾಲ ಮಲಗಿದ್ದ ಮೋಟಾರಿಗೆ ಹಳೆಯ ಎಣ್ಣೆ ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು ಹನಿ ಎಣ್ಣೆ ಬಿಡದೆ ಪೂರ್ತಿ ವೋಲ್ಟೇಜು ಕೊಟ್ಟರೆ ಮೋಟಾರು ಸುಡುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮವರು ಎಲ್ಲದಕ್ಕೂ ಅದನ್ನೇ ಬಿಡುತ್ತಾರೆ, ಅದು ಕಾಲಾಂತರದಲ್ಲಿ ಅಂಟಾಗುತ್ತದೆ.

ಇಡೀ ಸಂಗ್ರಹವನ್ನು ಒಟ್ಟಿಗೆ ಕೊಡುವುದೋ, ಒಂದೊಂದಾಗಿ ಮಾರುವುದೋ?

ಒಟ್ಟಿಗೆ ಕೊಂಡುಹೋಗುವ ವ್ಯಾಪಾರಿ ಒಂದೊಂದಾಗಿ ಮಾರಿದರೆ ಸಿಗುವ ಮೊತ್ತದ ಅರ್ಧ ಅಥವಾ ಅದಕ್ಕಿಂತ ಕಡಿಮೆ ಹೇಳುತ್ತಾನೆ. ಅದು ಅನ್ಯಾಯವೆಂದು ಕಾಣಬಹುದು, ಆದರೆ ಅವನು ಗಿರಾಕಿಗಾಗಿ ಎರಡು ವರ್ಷ ಕಾಯಬೇಕು, ಮಾರಾಟವಾಗದ ಬೋಗಿಗಳನ್ನೂ ಹೊರಬೇಕು. ನಿಮಗೆ ಸಮಯವಿದ್ದರೆ ನಡುದಾರಿಯೊಂದಿದೆ: ಬೆಲೆಬಾಳುವ ಮೂರ್ನಾಲ್ಕು ಇಂಜಿನುಗಳನ್ನು ಬೇರೆ ಮಾಡಿ ಒಂದೊಂದಾಗಿ ಮಾರಿ, ಹಳಿ, ಬೋಗಿ, ನಿಲ್ದಾಣ, ಸಿಗ್ನಲ್‌ಗಳನ್ನು ಒಂದು ರಾಶಿಯಾಗಿ ಕೊಡಿ. ಮೂಲದಲ್ಲಿ ಸೆಟ್ ಆಗಿ ಬಂದದ್ದನ್ನು ಒಡೆಯಬಾರದು. ಸೆಟ್ಟಿನ ಹೊರಪೆಟ್ಟಿಗೆ ಇರುವಾಗ ಅದರ ಇಂಜಿನನ್ನು ಮಾತ್ರ ಮಾರಿದರೆ ಉಳಿದದ್ದು ಯಾರಿಗೂ ಬೇಡ.

ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಇದಕ್ಕೆಂದೇ ಅಂಗಡಿ ಹುಡುಕುವುದು ವ್ಯರ್ಥ. ಬೆಂಗಳೂರು, ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಹವ್ಯಾಸಿಗಳಿದ್ದಾರೆ, ಅವರ ಗುಂಪುಗಳಲ್ಲಿ ಮಾತುಕತೆಯ ಮೂಲಕವೇ ಹೆಚ್ಚಿನ ವ್ಯಾಪಾರ ನಡೆಯುತ್ತದೆ.

ಕಳುಹಿಸುವಾಗ ಯಾವ ಎಚ್ಚರಿಕೆ ಬೇಕು?

ಅಲುಗಾಡಬಾರದು. ಇದನ್ನು ನಾನು ಕಲಿತದ್ದು ದುಬಾರಿ ಪಾಠವಾಗಿ. ಚೆನ್ನಾಗಿದ್ದ ಎರಕದ ಇಂಜಿನೊಂದನ್ನು ಅದರ ಮೂಲ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಬೇಕಾದಷ್ಟು ಗುಳ್ಳೆಪ್ಲಾಸ್ಟಿಕ್ ಸುತ್ತಿ ಪುಣೆಗೆ ಕೊರಿಯರ್ ಮಾಡಿದ್ದೆ. ಹೊರಗಿನ ಪೆಟ್ಟಿಗೆಗೆ ಗೀರೂ ಬೀಳಲಿಲ್ಲ. ಒಳಗೆ ಮಾತ್ರ ಇಂಜಿನು ಹಿಂದೆ ಮುಂದೆ ಜಾರಿ ತನ್ನದೇ ಭಾರಕ್ಕೆ ಮುಂದಿನ ಬಫರುಗಳನ್ನು ಮುರಿದುಕೊಂಡು, ಪೆಟ್ಟಿಗೆಯ ತುದಿಯ ಮಡಿಕೆಯನ್ನೂ ಸೀಳಿತ್ತು. ಕೊರಿಯರಿನವರು ಪ್ಯಾಕಿಂಗ್ ನಿಮ್ಮದೆಂದರು, ಅದು ನಿಜವೂ ಆಗಿತ್ತು. ಹಣ ಹಿಂದಿರುಗಿಸಿದೆ. ಈಗ ಇಂಜಿನನ್ನು ಮೂಲ ಪೆಟ್ಟಿಗೆಯಿಂದ ಹೊರತೆಗೆದು ಬೇರೆಯಾಗಿ ಸುತ್ತಿ, ಖಾಲಿ ಪೆಟ್ಟಿಗೆಯನ್ನು ಚಪ್ಪಟೆಯಾಗದಂತೆ ಕಾಗದ ತುಂಬಿ ಅದರ ಪಕ್ಕದಲ್ಲಿಡುತ್ತೇನೆ. ಎರಡು ರಟ್ಟಿನ ಪೆಟ್ಟಿಗೆಗಳ ನಡುವೆ ನಾಲ್ಕು ಬೆರಳು ಜಾಗವಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗೆ ಒಂದು ಪ್ಲಾಸ್ಟಿಕ್ ಚೀಲ ಕಡ್ಡಾಯ.

ವಿದೇಶದಿಂದ ತರಿಸಿ ಇಲ್ಲಿ ಮಾರಿದರೆ ಲಾಭವಿದೆಯೇ?

ಹಿಂದೆ ಇತ್ತು. ಮಾದರಿ ರೈಲುಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಶಿರೋನಾಮೆಯಡಿ ಬರುತ್ತವೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. "ಗಿಫ್ಟ್" ಎಂದು ಬರೆಸಿ ತರಿಸುವ ಹಳೆಯ ದಾರಿಯೂ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ, ದೊಡ್ಡವರ ಸಂಗ್ರಹದ ವಸ್ತುವೆಂದು ದಾಖಲೆಯಲ್ಲಿ ಸ್ಪಷ್ಟವಿಲ್ಲದ ಪೊಟ್ಟಣ ಕಸ್ಟಮ್ಸಿನಲ್ಲಿ ಕುಳಿತುಬಿಡುವ ಸಂಭವವಿದೆ. ಗಲ್ಫಿನಿಂದ ಬರುವ ಬಂಧುಗಳು ಸಾಮಾನಿನೊಂದಿಗೆ ತರುವುದಾದರೆ ಪ್ರಯಾಣಿಕರ ಸುಂಕರಹಿತ ಮಿತಿಯೊಳಗೆ ಇರಬೇಕು. ಆ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು, ಹೊರಡುವ ಮೊದಲು ಜಾರಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳಿ. ಮಾರುವ ಉದ್ದೇಶದಿಂದ ಒಂದೇ ಬಗೆಯ ಐದಾರು ತಂದರೆ ಅದು ಸ್ವಂತ ಸಾಮಾನು ಎನಿಸುವುದಿಲ್ಲ.

ಹೊರದೇಶಕ್ಕೆ ಕಳುಹಿಸುವವರಿಗೂ ಒಂದು ಮಾತು. ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವವುಳ್ಳ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸುತ್ತದೆ. ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ತೀರ ಹಳೆಯ ತಗಡಿನ ರೈಲೊಂದು ಕೈಗೆ ಬಂದರೆ ಕಳುಹಿಸುವ ಮುನ್ನ ವಿಚಾರಿಸುವುದು ಕ್ಷೇಮ.

ಮಾರಿದ ಹಣಕ್ಕೆ ತೆರಿಗೆ ಕಟ್ಟಬೇಕೇ?

ಮನೆಯಲ್ಲಿ ಸ್ವಂತ ಬಳಕೆಗೆ ಇದ್ದ ವಸ್ತುವನ್ನು ಒಮ್ಮೆ ಮಾರಿದರೆ ಅದು ಸಾಮಾನ್ಯವಾಗಿ ಸ್ವಂತ ಬಳಕೆಯ ಚರವಸ್ತುಗಳ ಸಾಲಿಗೆ ಸೇರುವುದರಿಂದ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಆ ವಿನಾಯಿತಿ ಆಭರಣ, ಚಿತ್ರ, ಶಿಲ್ಪ, ಕಲಾಕೃತಿಗಳಿಗಿಲ್ಲ. ಕೊಂಡು ಮಾರುವುದೇ ಕಸುಬಾದರೆ ಅದು ವ್ಯಾಪಾರದ ಆದಾಯ. ಗಡಿಯಲ್ಲಿರುವ ನಮಗೆ ಇನ್ನೊಂದು ವಿಶೇಷವಿದೆ: ವ್ಯಾಪಾರವಾಗಿ ಮಾಡುವವರು ತಲಪಾಡಿ ದಾಟಿ ಮಂಗಳೂರಿನ ಗಿರಾಕಿಗೆ ಮಾರಿದರೂ ಅದು ಅಂತಾರಾಜ್ಯ ಪೂರೈಕೆ, ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ವಹಿವಾಟು ಸಣ್ಣದಿರುವ ತನಕ ತಿರುವನಂತಪುರಕ್ಕೆ ಮಾರಿದರೆ ಬರುವುದಿಲ್ಲ! ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳಿ.

ಭಾರತೀಯ ರೈಲುಗಳ ಮಾದರಿಗಳಿಗೆ ಬೇಡಿಕೆ ಇದೆಯೇ?

ಇದೆ, ಮತ್ತು ಅದು ಹೆಚ್ಚುತ್ತಿದೆ. 1907ರಲ್ಲಿ ಮಂಗಳೂರು ತಲುಪಿದ ನಮ್ಮೂರಿನ ಬ್ರಾಡ್‌ಗೇಜ್ ದಾರಿಯ ಬದಿಯಲ್ಲೇ ಬೆಳೆದವರಿಗೆ ಇಂಗ್ಲೆಂಡಿನ ಹಸಿರು ಉಗಿಬಂಡಿಗಿಂತ ಉಪ್ಪಳ, ಮಂಜೇಶ್ವರದಲ್ಲಿ ಕಂಡ ಡೀಸೆಲ್ ಇಂಜಿನೇ ಹತ್ತಿರ. 2023ರಲ್ಲಿ ಕಾಸರಗೋಡಿನಿಂದ ವಂದೇ ಭಾರತ್ ಓಡತೊಡಗಿದ ಮೇಲೆ ಅದರ ಮಾದರಿ ಎಲ್ಲಿ ಸಿಗುತ್ತದೆಂದು ಕೇಳುವ ಮಕ್ಕಳೂ ಹೆಚ್ಚಾದರು. ಇಂಥ ಮಾದರಿಗಳನ್ನು ಸಣ್ಣ ಪ್ರಮಾಣದಲ್ಲಿ, ಕೆಲವೊಮ್ಮೆ ಮನೆಯಲ್ಲೇ, ತ್ರೀಡಿ ಪ್ರಿಂಟರಿನಿಂದಲೂ ಮಾಡುವವರಿದ್ದಾರೆ. ನಮ್ಮ ಹಳಿಯ ಅಗಲ 1,676 ಮಿಲಿಮೀಟರ್, ಎಚ್‌ಓ ಲೆಕ್ಕದಲ್ಲಿ ಅದು ಸುಮಾರು 19.3 ಮಿಲಿಮೀಟರ್ ಆಗಬೇಕು. ಸಿಗುವ ಹಳಿ 16.5ರದ್ದಾದ್ದರಿಂದ ಹೆಚ್ಚಿನ ಮಾದರಿಗಳು ಅದರ ಮೇಲೆಯೇ ನಿಲ್ಲುತ್ತವೆ, ಮುಂದಿನಿಂದ ನೋಡಿದರೆ ದೊಡ್ಡ ದೇಹದ ಕೆಳಗೆ ಕಾಲು ಜೋಡಿಸಿ ನಿಂತಂತೆ ಕಾಣುತ್ತವೆ. ಇವುಗಳ ಮರುಮಾರಾಟದ ಬೆಲೆಗೆ ಇನ್ನೂ ಸ್ಥಿರವಾದ ಮಟ್ಟ ಬಂದಿಲ್ಲ. ಯಾರು ಮಾಡಿದ್ದು, ಎಷ್ಟು ಮಾಡಿದ್ದು ಎಂಬ ಚೀಟಿ ಬರೆದು ಪೆಟ್ಟಿಗೆಯೊಳಗೆ ಈಗಲೇ ಇಟ್ಟುಬಿಡಿ.

ಹೂಡಿಕೆ ಎಂದು ಕೊಂಡಿಡಬಹುದೇ?

ನಾನು ಕೊಂಡಿಟ್ಟಿಲ್ಲ. ಇಷ್ಟವಾದದ್ದನ್ನು ಕೊಂಡು, ಓಡಿಸಿ, ಬೇಸರವಾದಾಗ ಕೊಂಡ ಬೆಲೆಯ ಆಸುಪಾಸಿಗೆ ಮಾರಲು ಸಾಧ್ಯವಾದರೆ ಅದನ್ನೇ ಲಾಭವೆಂದು ಬರೆದುಕೊಳ್ಳುತ್ತೇನೆ.

ಫೋಟೊ ಕಳುಹಿಸಿದರೆ ಬೆಲೆ ಅಂದಾಜು ಮಾಡಬಹುದೇ?

ಮಾಡಬಹುದು, ಫೋಟೊ ಸರಿಯಿದ್ದರೆ. ಫ್ಲ್ಯಾಶ್ ಹಾಕದೆ, ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ, ಬಿಳಿ ಪಂಚೆಯ ಮೇಲಿಟ್ಟು ತೆಗೆಯಿರಿ. ಎರಡು ಬದಿ, ಮುಂದೆ, ಹಿಂದೆ, ಕೆಳಗೆ, ಚಕ್ರಗಳ ಸಮೀಪ ನೋಟ, ಪೆಟ್ಟಿಗೆಯ ಆರೂ ಮುಖ, ಮಾದರಿ ಸಂಖ್ಯೆ ಓದುವಂತೆ ಒಂದು. ಮುರಿದ ಜಾಗವನ್ನು ಬೆರಳಿನಿಂದ ಮರೆಮಾಡಬೇಡಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಸಾಕು.